ತುಂಬಿದ ಮನೆ, ಮಲಗದ ನರ

ಕೋಲಾರ ಚಿನ್ನದ ಗಣಿಯ ಕಾರ್ಮಿಕರ ಎದೆಯನ್ನು ಎಕ್ಸ್-ರೇ ತೆಗೆದು ಪರೀಕ್ಷಿಸುವ ದೊಡ್ಡ ಕೆಲಸವೊಂದು 1940ರ ದಶಕದಲ್ಲಿ ನಡೆಯಿತು. ಪರೀಕ್ಷೆಗೆ ಒಳಗಾದವರು 7,653 ಮಂದಿ. ಅವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಪತ್ತೆಯಾಯಿತು. ಕಲ್ಲಿನ ಪುಡಿ ವರ್ಷಗಟ್ಟಲೆ ಒಳಗೆ ಸೇರಿ ಮಾಡಿದ ಗಾಯ ಅದು. ಕೆಮ್ಮು, ಏದುಸಿರು ಮೊದಲೂ ಇದ್ದವು. ಫಿಲ್ಮಿನ ಮೇಲೆ ಮಚ್ಚೆಗಳು ಕಂಡ ಮೇಲೆ ಅವನ್ನು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ಕಾಯಿಲೆಗೆ ಲೆಕ್ಕ ಸಿಕ್ಕಿತು. ಪರಿಹಾರ ಕೇಳಲು ಆಧಾರ ಸಿಕ್ಕಿತು.

ಯಾವ ಫಿಲ್ಮಿನ ಮೇಲೂ ಮೂಡದ ಕಾಯಿಲೆಯೊಂದರ ಬಗ್ಗೆ ಈ ಅಧ್ಯಾಯ. ಅದರ ಹೆಸರು ಫೈಬ್ರೊಮಯಾಲ್ಜಿಯ. ಕತ್ತು, ಹೆಗಲು, ಬೆನ್ನು, ಸೊಂಟ, ತೊಡೆ, ಹೀಗೆ ಮೈಯ ನಾನಾ ಕಡೆ ತಿಂಗಳುಗಟ್ಟಲೆ ನೋವು. ಎಂಟು ಗಂಟೆ ಮಲಗಿ ಎದ್ದರೂ ಹೋಗದ ಸುಸ್ತು. ಕೈಗೆತ್ತಿಕೊಂಡ ಕೆಲಸವೇ ಮರೆತುಹೋಗುವಷ್ಟು ಮಂಕು. ಎಕ್ಸ್-ರೇ ಸರಿಯಾಗಿದೆ, ರಕ್ತಪರೀಕ್ಷೆ ಸರಿಯಾಗಿದೆ, ಎಂಆರ್‌ಐ ಕೂಡ ಸರಿಯಾಗಿದೆ. ಜಗತ್ತಿನಾದ್ಯಂತ ನೂರರಲ್ಲಿ ಎರಡರಿಂದ ನಾಲ್ಕು ಮಂದಿಗೆ ಇದು ಇದೆ ಎಂಬುದು ಸಾಮಾನ್ಯ ಅಂದಾಜು. ಗಂಡಸರಿಗೂ ಮಕ್ಕಳಿಗೂ ಬರುತ್ತದೆ, ಆದರೆ ಪತ್ತೆಯಾದವರಲ್ಲಿ ಹೆಂಗಸರೇ ಬಹುಪಾಲು. ನಮ್ಮ ನಾಡಿನಲ್ಲಿ ಹೆಂಗಸರೆಂದರೆ ಮನೆ ನಡೆಸುವವರೂ ಹೌದು. ಹಾಗಾಗಿ ಈ ಕಾಯಿಲೆ ಹೆಚ್ಚಾಗಿ ಬದುಕುವುದು ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನೀರು ಹಿಡಿಯುವ ನಲ್ಲಿಯ ಮುಂದೆ.

ಈ ಕಾಯಿಲೆಗೆ ಇಂದು ವಿಜ್ಞಾನ ಬಲ್ಲ ಅತ್ಯುತ್ತಮ ಚಿಕಿತ್ಸೆಯ ಬಹುಪಾಲು ಮಾತ್ರೆಯಲ್ಲಿಲ್ಲ, ಮನೆಯ ದಿನಚರಿಯಲ್ಲಿದೆ. ಆ ದಿನಚರಿ ಕಾಯಿಲೆಯವಳೊಬ್ಬಳ ಕೈಯಲ್ಲಿಲ್ಲ. ಆದ್ದರಿಂದ ಚಿಕಿತ್ಸೆ ಇಡೀ ಮನೆಗೆ ಆಗಬೇಕು.

ನೋವು ಎಲ್ಲಿ ಹುಟ್ಟುತ್ತದೆ?

ಬೆರಳಿಗೆ ಬಿಸಿ ತಾಗಿದರೆ ಚರ್ಮದಲ್ಲಿರುವ ಸಣ್ಣ ನರತುದಿಗಳು ಎಚ್ಚರಗೊಂಡು ಸಂಕೇತವೊಂದನ್ನು ಬೆನ್ನುಹುರಿಗೆ ಕಳಿಸುತ್ತವೆ. ಅಲ್ಲಿ ಅದು ಇನ್ನೊಂದು ನರಕ್ಕೆ ದಾಟಿ ಮೆದುಳಿಗೆ ಏರುತ್ತದೆ. ಮೆದುಳು ಅದನ್ನು ನೋವು ಎಂದು ಅರ್ಥ ಮಾಡಿಕೊಂಡಾಗಲೇ ನಮಗೆ ನೋವಾಗುವುದು. ಇಷ್ಟು ನಾವು ಶಾಲೆಯಲ್ಲಿ ಕಲಿತದ್ದು. ಶಾಲೆಯಲ್ಲಿ ಕಲಿಸದೆ ಬಿಟ್ಟ ಇನ್ನೊಂದು ದಾರಿಯಿದೆ. ಅದು ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿ. ಮೆದುಳಿನ ಬುಡದಿಂದ ಹೊರಟ ನರಗಳು ಬೆನ್ನುಹುರಿಗೆ ಇಳಿದು, ಅಲ್ಲಿಗೆ ಬರುವ ಸಂಕೇತಗಳಲ್ಲಿ ಬೇಡವಾದವನ್ನು ಅಡಗಿಸುತ್ತವೆ. ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೂಲಕ ಈ ಕೆಲಸ ನಡೆಯುತ್ತದೆ. ದಿನವಿಡೀ ಕೀಲು ಮಡಚುವಾಗ, ಕೂರುವಾಗ, ಬಟ್ಟೆ ಮೈಗೆ ಉಜ್ಜುವಾಗ ಲೆಕ್ಕವಿಲ್ಲದಷ್ಟು ಸಂಕೇತಗಳು ಹುಟ್ಟುತ್ತವೆ. ಅವೆಲ್ಲ ನಮ್ಮ ಅರಿವಿಗೆ ಬಾರದಿರುವುದು ಈ ಇಳಿದಾರಿಯ ದಯೆಯಿಂದ.

ಇದು ಅರ್ಥವಾಗಲು ಕೋಲಾರದ ಚಿನ್ನದ ಗಣಿಗಳಲ್ಲೊಂದಾದ, ಊರಿಗಾಂನ ಪಕ್ಕದ ಚಾಂಪಿಯನ್ ರೀಫ್ ಗಣಿಗೇ ಹೋಗಬಹುದು. ಆಕಾಶದಿಂದ ಬೀಳುವ ವಿಶ್ವಕಿರಣಗಳ ಅಧ್ಯಯನಕ್ಕಾಗಿ ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಈ ಗಣಿಗಳಿಗೆ ಇಳಿದರು. ಮುಂದೆ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವನ್ನು ಇಲ್ಲಿ ಹಿಡಿದರು. ಅಷ್ಟು ಆಳ ಏಕೆ ಬೇಕಿತ್ತೆಂದರೆ, ನೆಲದ ಮೇಲಿಟ್ಟ ಉಪಕರಣದ ಮೇಲೆ ಬೇರೆ ಕಣಗಳು ಎಡೆಬಿಡದೆ ಸುರಿಯುತ್ತವೆ. ಆ ಗದ್ದಲದಲ್ಲಿ ಬೇಕಾದ ಸಂಕೇತ ಮುಳುಗಿಹೋಗುತ್ತದೆ. ಸುಮಾರು 2.3 ಕಿಲೋಮೀಟರ್ ದಪ್ಪದ ಬಂಡೆ ಆ ಗದ್ದಲವನ್ನು ತಡೆದು ನಿಲ್ಲಿಸಿತು. ನಮ್ಮ ಮೈಯಲ್ಲಿ ಆ ಬಂಡೆಯ ಕೆಲಸ ಮಾಡುವುದು ಮೆದುಳಿನಿಂದ ಇಳಿಯುವ ನರದಾರಿ. ಫೈಬ್ರೊಮಯಾಲ್ಜಿಯದಲ್ಲಿ ಈ ಹೊದಿಕೆ ತೆಳುವಾಗುತ್ತದೆ. ಕೆಳಗೆ ಇಟ್ಟ ಉಪಕರಣ ಕೆಟ್ಟಿಲ್ಲ, ಅದು ಸುಳ್ಳು ಹೇಳುತ್ತಲೂ ಇಲ್ಲ. ತಡೆಯಬೇಕಾದದ್ದು ತಡೆಯುತ್ತಿಲ್ಲ, ಅಷ್ಟೆ.

ಇದಕ್ಕೆ ಪುರಾವೆ ಇದೆ. 2002ರಲ್ಲಿ ಅಮೆರಿಕದ ಸಂಶೋಧಕರು ಫೈಬ್ರೊಮಯಾಲ್ಜಿಯ ಇರುವವರ ಮತ್ತು ಇಲ್ಲದವರ ಹೆಬ್ಬೆರಳ ಉಗುರನ್ನು ಒತ್ತುತ್ತ, ಅದೇ ಹೊತ್ತಿಗೆ ಅವರ ಮೆದುಳಿನ ಚಟುವಟಿಕೆಯ ಚಿತ್ರ ತೆಗೆದರು. ಆರೋಗ್ಯವಂತರಲ್ಲಿ ನೋವಿನ ಭಾಗಗಳನ್ನು ಎಚ್ಚರಿಸಲು ಬೇಕಾದ ಒತ್ತಡದ ಹೆಚ್ಚೂಕಡಿಮೆ ಅರ್ಧದಷ್ಟು ಒತ್ತಡಕ್ಕೇ ರೋಗಿಗಳ ಮೆದುಳಿನಲ್ಲಿ ಅವೇ ಭಾಗಗಳು ಎಚ್ಚರಗೊಂಡವು. ನೋವು ಬರಿಯ ಮಾತಿನಲ್ಲಿರಲಿಲ್ಲ, ಮೆದುಳಿನ ರಕ್ತಸಂಚಾರದಲ್ಲೂ ಕಂಡಿತು. ಅದಕ್ಕೂ ಮೊದಲು, 1990ರ ದಶಕದಲ್ಲಿ, ನೋವಿನ ಸಂಕೇತ ಒಯ್ಯುವ ‘ಸಬ್‌ಸ್ಟೆನ್ಸ್ ಪಿ’ ಎಂಬ ರಾಸಾಯನಿಕ ಇಂಥವರ ಬೆನ್ನುಹುರಿಯ ದ್ರವದಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿರುವುದು ಕಂಡಿತ್ತು. 2021ರಲ್ಲಿ ಇಂಗ್ಲೆಂಡ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ರೋಗಿಗಳ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ಇಲಿಗಳಿಗೆ ಕೊಟ್ಟಾಗ, ಆ ಇಲಿಗಳು ಒತ್ತಡಕ್ಕೂ ತಂಪಿಗೂ ಅತಿಯಾಗಿ ಸ್ಪಂದಿಸಿದವು. ರೋಗನಿರೋಧಕ ವ್ಯವಸ್ಥೆಗೂ ಇದರಲ್ಲಿ ಪಾತ್ರವಿರಬಹುದು ಎಂಬ ಹೊಸ ಹುಡುಕಾಟಕ್ಕೆ ಅದು ದಾರಿ ಮಾಡಿತು. ಗಾಯವಿಲ್ಲದೆಯೂ ನೋವನ್ನು ಸಂಸ್ಕರಿಸುವ ವ್ಯವಸ್ಥೆಯೇ ಬದಲಾಗಿ ಹುಟ್ಟುವ ಇಂಥ ನೋವನ್ನು ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ ಈಗ ‘ನೋಸಿಪ್ಲಾಸ್ಟಿಕ್’ ನೋವು ಎಂದು ಪ್ರತ್ಯೇಕ ಬಗೆಯಾಗಿ ಗುರುತಿಸುತ್ತದೆ.

ಯಾರಿಗೆ ಬರುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇದ್ದರೆ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಅಪಘಾತ, ಸೋಂಕು, ದೀರ್ಘಕಾಲದ ಮಾನಸಿಕ ಒತ್ತಡ, ಬಾಲ್ಯದ ಕಷ್ಟಗಳು ಕೆಲವರಲ್ಲಿ ಇದನ್ನು ಶುರುಮಾಡಬಲ್ಲವು. ಮನೆಗೆಲಸದಿಂದಲೇ ಈ ಕಾಯಿಲೆ ಬರುತ್ತದೆ ಎಂದು ಹೇಳಲಾಗದು. ಬಂದ ಮೇಲೆ ಅದು ಹದವಾಗಿರುವುದೋ ಕೆರಳುವುದೋ ಎಂಬುದರಲ್ಲಿ ಮಾತ್ರ ಮನೆಗೆಲಸದ ಪಾಲು ದೊಡ್ಡದು.

ಮುಂಜಾನೆಯ ರೈಲು ಮತ್ತು ಕಳೆದುಹೋದ ಗಾಢನಿದ್ರೆ

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಂದಿನಿಂದ ಗಣಿಯೂರಾದ ಕೆಜಿಎಫ್‌ನ ಸಾವಿರಾರು ಮನೆಗಳ ಅನ್ನ ಬೆಂಗಳೂರಿನಿಂದ ಬರುತ್ತಿದೆ. ಮಾರಿಕುಪ್ಪಂನಲ್ಲಿ ಹೊರಟ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರಿ, ಅಲ್ಲಿಂದ ಬೆಂಗಳೂರಿನ ದಾರಿ ಹಿಡಿಯುತ್ತದೆ. ಕತ್ತಲಿರುವಾಗಲೇ ಡಬ್ಬಿ ಹಿಡಿದು ಹತ್ತಿದವರು ರಾತ್ರಿ ಕತ್ತಲಾದ ಮೇಲೆ ಇಳಿಯುತ್ತಾರೆ. ಹತ್ತುವವರ ದಣಿವು ಊರಿಗೆಲ್ಲ ಗೊತ್ತು. ಡಬ್ಬಿ ಕಟ್ಟಿದವರ ದಣಿವು ಗೊತ್ತಿರುವುದು ಕಡಿಮೆ.

ಎಂಟು ಮಂದಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಣಿಯಲ್ಲಿ ದುಡಿದು ಬಂದ ಮಾವ, ಅವರಿಗೆ ರಾತ್ರಿ ಕೆಮ್ಮು. ಅತ್ತೆಗೆ ಸಕ್ಕರೆ ಕಾಯಿಲೆ. ಗಂಡ ಮತ್ತು ಮೈದುನ ಇಬ್ಬರೂ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು. ಓರಗಿತ್ತಿ ಇದ್ದಾಳೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಹಿರಿಸೊಸೆಗೆ ಫೈಬ್ರೊಮಯಾಲ್ಜಿಯ. ರೈಲಿಗೆ ಹೋಗುವವರ ಊಟಕ್ಕಾಗಿ ಅವಳು ನಾಲ್ಕಕ್ಕೆ ಏಳುತ್ತಾಳೆ. ಕೊನೆಯವರು ಬಂದು ಉಂಡ ಮೇಲೆ ಪಾತ್ರೆ ತೊಳೆದು ಹನ್ನೊಂದಕ್ಕೆ ಮಲಗುತ್ತಾಳೆ. ನಡುರಾತ್ರಿ ಮಾವನಿಗೆ ಬಿಸಿನೀರು ಕೊಡಲು ಒಂದೆರಡು ಸಲ ಏಳುತ್ತಾಳೆ. ನಿದ್ದೆ ಎರಡು ತುದಿಯಲ್ಲೂ ಮೊಟಕಾಯಿತು, ನಡುವೆಯೂ ಹರಿಯಿತು.

ಈ ಹರಿದ ನಿದ್ದೆ ನೋವಿಗೆ ಏನು ಮಾಡುತ್ತದೆ ಎಂಬುದನ್ನು ಟೊರಾಂಟೊದ ಹಾರ್ವಿ ಮೊಲ್ಡೊಫ್‌ಸ್ಕಿ ಮತ್ತು ಸಂಗಡಿಗರು 1975ರಲ್ಲೇ ತೋರಿಸಿದರು. ಇಂಥ ರೋಗಿಗಳ ಮೆದುಳಿನ ಅಲೆಗಳನ್ನು ರಾತ್ರಿ ದಾಖಲಿಸಿದಾಗ, ಗಾಢನಿದ್ರೆಯ ನಿಧಾನ ಅಲೆಗಳ ನಡುವೆ ಎಚ್ಚರದ ಅಲೆಗಳು ನುಸುಳುತ್ತಿದ್ದವು. ಮಲಗಿದ್ದರೂ ಮೆದುಳು ಪೂರ್ತಿ ಮಲಗುತ್ತಿರಲಿಲ್ಲ. ಬಳಿಕ ಅವರು ಆರೋಗ್ಯವಂತ ವಿದ್ಯಾರ್ಥಿಗಳನ್ನು ಮಲಗಿಸಿ, ಗಾಢನಿದ್ರೆ ಶುರುವಾದಾಗಲೆಲ್ಲ ಸದ್ದು ಮಾಡಿ ಅದನ್ನು ಕದಡಿದರು. ಕೆಲವೇ ರಾತ್ರಿಗಳಲ್ಲಿ ಆ ವಿದ್ಯಾರ್ಥಿಗಳಿಗೂ ಮೈಕೈ ನೋವು, ಸುಸ್ತು, ಮುಟ್ಟಿದರೆ ನೋಯುವ ಸ್ನಾಯುಗಳು ಕಾಣಿಸಿಕೊಂಡವು. ನೆಮ್ಮದಿಯಾಗಿ ಮಲಗಲು ಬಿಟ್ಟ ಮೇಲೆ ಸರಿಹೋದರು. ಗಾಢನಿದ್ರೆ ಕಳೆದುಕೊಂಡ ಮೆದುಳಿನಲ್ಲಿ ನೋವನ್ನು ಅಡಗಿಸುವ ಆ ಇಳಿದಾರಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ನಂತರದ ಸಂಶೋಧನೆಗಳೂ ಹೇಳುತ್ತವೆ. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವು ಹೆಚ್ಚಿಸುತ್ತದೆ. ಈ ಸುತ್ತನ್ನು ಕಡಿಯಲು ಮೊದಲು ಕೈ ಹಾಕಬೇಕಾದದ್ದು ನಿದ್ದೆಗೆ.

ಹಾಗಾದರೆ ಆ ಎಂಟು ಮಂದಿಯ ಮನೆಯಲ್ಲಿ ಏನು ಬದಲಾಗಬೇಕು? ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದು, ಡಬ್ಬಿ ತೊಳೆದಿಡುವುದು ಸಂಜೆಯೇ ಮುಗಿಯಬೇಕು. ಮುಂಜಾನೆ ಏಳುವ ಸರದಿ ಇಬ್ಬರು ಸೊಸೆಯಂದಿರ ನಡುವೆ ದಿನಬಿಟ್ಟು ದಿನ ತಿರುಗಿದರೆ ಸಾಲದು, ರೈಲಿಗೆ ಹೋಗುವ ಗಂಡಸರೂ ವಾರದಲ್ಲಿ ಒಂದೊಂದು ದಿನ ತಮ್ಮ ಡಬ್ಬಿ ತಾವೇ ಕಟ್ಟಿಕೊಳ್ಳಬೇಕು. ಮಾವನ ಹಾಸಿಗೆಯ ಪಕ್ಕ ಬಿಸಿನೀರಿನ ಫ್ಲಾಸ್ಕ್ ಇದ್ದರೆ ಒಂದು ಎಚ್ಚರ ತಪ್ಪುತ್ತದೆ. ರಾತ್ರಿ ಅವರನ್ನು ನೋಡಿಕೊಳ್ಳುವ ಪಾಳಿ ಅವರ ಮಗನದಾದರೆ ಇನ್ನೊಂದು ತಪ್ಪುತ್ತದೆ. ತಡವಾಗಿ ಬಂದವರು ತಾವೇ ಬಡಿಸಿಕೊಂಡು ತಟ್ಟೆ ತೊಳೆದಿಟ್ಟರೆ ಅವಳಿಗೆ ಒಂದು ಗಂಟೆ ನಿದ್ದೆ ಮರಳುತ್ತದೆ. ಮಲಗುವ, ಏಳುವ ಹೊತ್ತು ಎಲ್ಲ ದಿನವೂ ಆದಷ್ಟು ಒಂದೇ ಇರಬೇಕು. ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವ, ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ ಒಂಬತ್ತೂವರೆಯ ಮೇಲೆ ಟಿವಿ ಆರಿಸುವುದೂ ಚಿಕಿತ್ಸೆಯ ಭಾಗವೇ.

ಮನೆಗೆಲಸವೇ ವ್ಯಾಯಾಮವಲ್ಲವೆ?

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಫೈಬ್ರೊಮಯಾಲ್ಜಿಯದ ಎಲ್ಲ ಚಿಕಿತ್ಸೆಗಳ ಪುರಾವೆಗಳನ್ನು ಒರೆಗೆ ಹಚ್ಚಿ ಶಿಫಾರಸುಗಳನ್ನು ಕೊಟ್ಟಿತು. ಅದರಲ್ಲಿ ‘ಬಲವಾದ ಶಿಫಾರಸು’ ಸಿಕ್ಕಿದ್ದು ಒಂದಕ್ಕೇ, ವ್ಯಾಯಾಮಕ್ಕೆ. ಇದನ್ನು ಕೇಳಿದ ಕೂಡಲೆ ಮನೆಯಲ್ಲಿ ಮಾತು ಬರುತ್ತದೆ: ಬೆಳಗಿನಿಂದ ರಾತ್ರಿಯವರೆಗೆ ಓಡಾಡುತ್ತಲೇ ಇದ್ದಾಳಲ್ಲ, ಇನ್ನೆಂಥ ವ್ಯಾಯಾಮ?

ಮನೆಗೆಲಸಕ್ಕೂ ವ್ಯಾಯಾಮಕ್ಕೂ ಇರುವ ವ್ಯತ್ಯಾಸ ನರವಿಜ್ಞಾನದಲ್ಲಿ ಸಿಗುತ್ತದೆ. ಒಂದೇ ತೀವ್ರತೆಯ ಸಣ್ಣ ಬಿಸಿಯನ್ನು ಅಂಗೈಗೆ ಕೆಲವು ಸೆಕೆಂಡಿಗೊಮ್ಮೆ ಮತ್ತೆಮತ್ತೆ ತಾಗಿಸಿದರೆ, ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಹೆಚ್ಚು ನೋವೆನಿಸುತ್ತದೆ. ಬೆನ್ನುಹುರಿಯ ನರಗಳು ಹಿಂದಿನ ಸಂಕೇತವನ್ನು ಇನ್ನೂ ಹಿಡಿದಿಟ್ಟುಕೊಂಡಿರುವಾಗಲೇ ಮುಂದಿನದು ಬಂದು ಸೇರುವುದು ಇದಕ್ಕೆ ಕಾರಣ. ಎಲ್ಲರಲ್ಲೂ ಹೀಗಾಗುತ್ತದೆ. ಫೈಬ್ರೊಮಯಾಲ್ಜಿಯ ಇರುವವರಲ್ಲಿ ಇದು ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಈಗ ಮನೆಗೆಲಸವನ್ನು ನೋಡಿ. ಎಂಟು ಮಂದಿಗೆ ಮುದ್ದೆ ತಿರುವುವುದು, ಮೂವತ್ತು ಚಪಾತಿ ಲಟ್ಟಿಸುವುದು, ಬಗ್ಗಿ ಕಸ ಗುಡಿಸುವುದು, ಒದ್ದೆ ಬಟ್ಟೆ ಹಿಂಡುವುದು, ಎಲ್ಲವೂ ಅವೇ ಸ್ನಾಯುಗಳ ಮೇಲೆ ಅದೇ ಎಳೆತ, ಬಿಡುವಿಲ್ಲದೆ. ಕೆಲಸ ಮುಗಿಯುವವರೆಗೆ ನಿಲ್ಲಿಸುವ ಹಾಗಿಲ್ಲ. ವ್ಯಾಯಾಮದಲ್ಲಿ ಪ್ರಮಾಣ ಮಾಡುವವಳ ಕೈಯಲ್ಲಿರುತ್ತದೆ. ಇಷ್ಟೇ ನಿಮಿಷ ಎಂದು ಮೊದಲೇ ತೀರ್ಮಾನವಾಗಿರುತ್ತದೆ, ಉಸಿರು, ಹೃದಯ, ದೊಡ್ಡ ಸ್ನಾಯುಗಳು ಒಟ್ಟಿಗೆ ಹದವಾಗಿ ದುಡಿಯುತ್ತವೆ. ಹೀಗೆ ಹದವಾಗಿ ಮಾಡಿದ ವ್ಯಾಯಾಮ ನೋವು ಅಡಗಿಸುವ ದಾರಿಯನ್ನು ಬಲಪಡಿಸುತ್ತದೆ, ಗಾಢನಿದ್ರೆಗೂ ನೆರವಾಗುತ್ತದೆ.

ಆರಂಭ ತೀರ ಚಿಕ್ಕದಾಗಿರಬೇಕು. ಸಂಜೆ ಬಿಸಿಲು ತಗ್ಗಿದ ಮೇಲೆ ಐದು ನಿಮಿಷದ ನಡಿಗೆ, ವಾರದಲ್ಲಿ ಮೂರು ನಾಲ್ಕು ದಿನ. ಅದು ಹೊಂದಿಕೊಂಡ ಮೇಲೆ ವಾರಕ್ಕೆ ಒಂದೆರಡು ನಿಮಿಷ ಸೇರಿಸುತ್ತ ಹೋಗಬೇಕು. ಮೊದಲ ವಾರಗಳಲ್ಲಿ ನೋವು ಸ್ವಲ್ಪ ಹೆಚ್ಚಾದರೆ ಹೆದರಬೇಕಿಲ್ಲ, ಸ್ನಾಯುವಿಗಾಗಲಿ ಕೀಲಿಗಾಗಲಿ ಈ ಕಾಯಿಲೆಯಲ್ಲಿ ಸವೆತವಾಗುವುದಿಲ್ಲ. ಮರುದಿನ ಏಳಲಾರದಷ್ಟಾದರೆ ಪ್ರಮಾಣ ತಗ್ಗಿಸಬೇಕು. ತೈಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ನೋವನ್ನೂ ನಿದ್ದೆಯನ್ನೂ ಸುಧಾರಿಸುತ್ತದೆಂದು 2010ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೆಲುವಾದ ಯೋಗಾಸನಗಳೂ ಆಗಬಹುದು. ಆ ಹೊತ್ತಿನಲ್ಲಿ ಒಲೆಯ ಮೇಲಿನ ಸಾರನ್ನು ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ಮೊದಲೇ ತೀರ್ಮಾನವಾಗಬೇಕು. ಎಷ್ಟೋ ಮನೆಗಳಲ್ಲಿ ವ್ಯಾಯಾಮದ ಸಲಹೆ ಸೋಲುವುದು ಇದೇ ಪ್ರಶ್ನೆಯಲ್ಲಿ.

ಚೆನ್ನಾಗಿರುವ ದಿನದ ಅಪಾಯ

ನೋವು ಕಡಿಮೆಯಿರುವ ದಿನ ಬಂದರೆ ಬಾಕಿ ಬಿದ್ದ ಕೆಲಸವೆಲ್ಲ ಕಣ್ಣ ಮುಂದೆ ಬರುತ್ತದೆ. ಅಟ್ಟ ಇಳಿಸಿ, ಹೊದಿಕೆ ಒಗೆದು, ಯುಗಾದಿಗೆ ಮನೆ ತೊಳೆದು ಒಂದೇ ದಿನದಲ್ಲಿ ಮುಗಿಸುತ್ತಾಳೆ. ಮುಂದಿನ ಮೂರು ದಿನ ಹಾಸಿಗೆ. ಮನೆಯವರಿಗೆ ಕಾಣುವುದು ಆ ಒಂದು ದಿನ: ‘ಅವತ್ತು ಅಷ್ಟೆಲ್ಲ ಮಾಡಿದಳಲ್ಲ, ಇವತ್ತೇನಾಯಿತು?’ ಹೀಗೆ ಏರಿ ಬೀಳುವ ಸುತ್ತು ನಡೆದಷ್ಟೂ ಮಾಡಬಲ್ಲ ಕೆಲಸದ ಒಟ್ಟು ಅಳತೆ ಕುಗ್ಗುತ್ತ ಹೋಗುತ್ತದೆ.

ಇದಕ್ಕೆ ನೋವು ಚಿಕಿತ್ಸಾಲಯಗಳು ಕಲಿಸುವ ಉಪಾಯ, ಕೆಲಸವನ್ನು ಗಡಿಯಾರದಿಂದ ಅಳೆಯುವುದು. ಕೆಟ್ಟ ದಿನದಲ್ಲೂ ಮರುದಿನಕ್ಕೆ ಪೆಟ್ಟು ಬೀಳದಂತೆ ಪಾತ್ರೆ ತೊಳೆಯಲು ಎಷ್ಟು ನಿಮಿಷ ನಿಲ್ಲಬಲ್ಲಳು? ಹತ್ತು ನಿಮಿಷ ಎನ್ನಿ. ಹಾಗಾದರೆ ಒಳ್ಳೆಯ ದಿನವೂ ಹತ್ತೇ ನಿಮಿಷ. ಮೊಬೈಲಿನಲ್ಲಿ ಗಂಟೆ ಹೊಡೆದ ಕೂಡಲೆ, ಪಾತ್ರೆ ಉಳಿದಿದ್ದರೂ, ಕೂರಬೇಕು. ಬಳಿಕ ಬೇರೆ ಸ್ನಾಯುಗಳ ಕೆಲಸ: ಕೂತು ಅಕ್ಕಿ ಆರಿಸುವುದು, ಮಕ್ಕಳ ಲೆಕ್ಕ ನೋಡುವುದು. ಅದು ಹೊಂದಿಕೊಂಡ ಮೇಲೆ ಹತ್ತು ನಿಮಿಷ ಹನ್ನೆರಡಾಗಬಹುದು. ಕೆಲಸವನ್ನು ಅರ್ಧಕ್ಕೆ ಬಿಟ್ಟೇಳುವುದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದ ಎಲ್ಲ ಪಾಠಗಳಿಗೂ ವಿರುದ್ಧ. ಆದ್ದರಿಂದ ಅದಕ್ಕೆ ಮನೆಯವರ ಬಾಯಿಂದ ಒಪ್ಪಿಗೆ ಬೇಕು. ಓರಗಿತ್ತಿ ಬಂದು, ‘ಅಕ್ಕಾ, ಗಂಟೆ ಹೊಡೀತು, ನೀವು ಕೂತ್ಕೊಳ್ಳಿ, ಮಿಕ್ಕಿದ್ದು ನಾನು ತೊಳೀತೀನಿ’ ಎಂದರೆ, ಆ ಮಾತು ಮಾಡುವ ಕೆಲಸ ಅನೇಕ ಮಾತ್ರೆಗಳು ಮಾಡಲಾರವು.

ಎತ್ತುವ, ಬಗ್ಗುವ ಕೆಲಸಗಳನ್ನು ಕಡಿಮೆ ಖರ್ಚಿನಲ್ಲೇ ಹಗುರ ಮಾಡಬಹುದು. ನಲ್ಲಿ ನೀರು ಬರುವ ದಿನ ಕೊಡ ಹೊರುವ ಬದಲು ಪೈಪು ಹಾಕಿ ಡ್ರಮ್ ತುಂಬಿಸುವುದು. ಹೊರಲೇಬೇಕಾದರೆ ಅರ್ಧ ಕೊಡ. ಮುದ್ದೆಗೆ ಒಂದು ದೊಡ್ಡ ಪಾತ್ರೆಯ ಬದಲು ಎರಡು ಚಿಕ್ಕವು, ತಿರುವಲು ತೋಳಿನಲ್ಲಿ ಬಲವಿರುವ ಇನ್ನೊಬ್ಬರು. ಉದ್ದ ಹಿಡಿಯ ಪೊರಕೆ ಮತ್ತು ಒರೆಸುವ ಕೋಲು. ಒಲೆಯ ಕಟ್ಟೆಯ ಮುಂದೆ ಎತ್ತರದ ಸ್ಟೂಲು. ದಿನ ಬಳಸುವ ಪಾತ್ರೆ, ಬೇಳೆ, ಹಿಟ್ಟಿನ ಡಬ್ಬಗಳೆಲ್ಲ ಸೊಂಟದಿಂದ ಹೆಗಲಿನ ನಡುವಿನ ಎತ್ತರದಲ್ಲಿ.

ಮಂಕು ಕವಿದಂತಾಗುವುದಕ್ಕೂ ಹೀಗೆಯೇ ಹೊರಗಿನ ಆಸರೆ ಬೇಕು. ನೋವಿನ ಸಂಕೇತಗಳನ್ನು ನಿಭಾಯಿಸುವುದರಲ್ಲೇ ತೊಡಗಿದ ಮೆದುಳಿಗೆ, ಐದು ಕೆಲಸಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವ ಶಕ್ತಿ ಉಳಿಯುವುದಿಲ್ಲ. ಹಾಲು ಉಕ್ಕುತ್ತದೆ, ಅತ್ತೆಯ ಮಾತ್ರೆ ಮರೆಯುತ್ತದೆ. ಗೋಡೆಯ ಮೇಲೆ ದಿನದ ಪಟ್ಟಿ, ಒಲೆಯ ಮೇಲೆ ಏನಿಟ್ಟರೂ ಮೊಬೈಲಿನಲ್ಲಿ ಗಂಟೆ, ವಾರದ ಮಾತ್ರೆಗಳಿಗೆ ಏಳು ಖಾನೆಯ ಡಬ್ಬಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿದೆಯೇ ಎಂದು ಮಲಗುವ ಮುನ್ನ ನೋಡುವ ಜವಾಬ್ದಾರಿ ದೊಡ್ಡ ಮಗುವಿಗೆ. ಮಕ್ಕಳಿಗೆ ವಿಷಯವನ್ನು ಬಚ್ಚಿಡಬಾರದು. ಅಮ್ಮನ ನರಗಳು ನೋವನ್ನು ಹೆಚ್ಚು ಮಾಡಿ ಹೇಳುತ್ತಿವೆ, ಇದು ಅಂಟುವುದಿಲ್ಲ, ಇದರಿಂದ ಅಮ್ಮ ಸಾಯುವುದಿಲ್ಲ, ನಿಮ್ಮಿಂದ ಬಂದದ್ದೂ ಅಲ್ಲ. ಈ ನಾಲ್ಕು ಮಾತು ತಿಳಿದ ಮಗು ಅಮ್ಮ ಮಲಗಿದ್ದನ್ನು ಕಂಡು ಹೆದರುವುದಿಲ್ಲ.

ಆಸ್ಪತ್ರೆಯಲ್ಲಿ ಕೇಳಬೇಕಾದದ್ದು

ಎಲ್ಲ ಮೈಕೈ ನೋವೂ ಫೈಬ್ರೊಮಯಾಲ್ಜಿಯವಲ್ಲ, ಕೋಲಾರ ಜಿಲ್ಲೆಯಲ್ಲಂತೂ ಈ ಎಚ್ಚರ ಮುಖ್ಯ. ಇಲ್ಲಿನ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ನೋಯುತ್ತವೆ, ಬಿಗಿಯುತ್ತವೆ. ವಿಟಮಿನ್ ಡಿ ಕೊರತೆ, ಥೈರಾಯ್ಡ್ ಕೊರತೆ, ರಕ್ತಹೀನತೆ, ಸಂಧಿವಾತ ಇವೂ ಇದೇ ಬಗೆಯ ನೋವು, ಸುಸ್ತು ಕೊಡುತ್ತವೆ. ಇವಕ್ಕೆಲ್ಲ ಪರೀಕ್ಷೆಯಿದೆ, ಚಿಕಿತ್ಸೆಯಿದೆ. ಕೀಲು ಊದಿಕೊಂಡರೆ, ಜ್ವರ ಬಂದರೆ, ತೂಕ ಇಳಿದರೆ, ಕೈಕಾಲಿನ ಬಲವೇ ಕಡಿಮೆಯಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಫೈಬ್ರೊಮಯಾಲ್ಜಿಯವನ್ನು ಗುರುತಿಸಲು ಒಂದು ಕ್ರಮವಿದೆ. 1990ರಲ್ಲಿ ಅಮೆರಿಕದ ಸಂಧಿವಾತ ವೈದ್ಯರ ಸಂಘ ಮೈಮೇಲೆ 18 ಬಿಂದುಗಳನ್ನು ಗೊತ್ತುಮಾಡಿ, ಒತ್ತಿದಾಗ ಅವುಗಳಲ್ಲಿ 11 ನೋಯಬೇಕು ಎಂದಿತ್ತು. 2010ರಲ್ಲಿ ಅದು ಬದಲಾಯಿತು. ಮೈಯ 19 ಭಾಗಗಳಲ್ಲಿ ಕಳೆದ ವಾರ ಎಲ್ಲೆಲ್ಲಿ ನೋವಿತ್ತು, ಸುಸ್ತು ಎಷ್ಟು, ನಿದ್ದೆ ತಾಜಾತನ ಕೊಟ್ಟಿತೇ, ನೆನಪು ಹೇಗಿದೆ, ಇವೆಲ್ಲ ಕನಿಷ್ಠ ಮೂರು ತಿಂಗಳಿನಿಂದ ಇವೆಯೇ ಎಂದು ಕೇಳಿ ಅಂಕ ಹಾಕಲಾಗುತ್ತದೆ. ಅಂದರೆ ಈ ಕಾಯಿಲೆಯನ್ನು ಪತ್ತೆಮಾಡಲು ವೈದ್ಯರಿಗೆ ಬೇಕಾದ ಮುಖ್ಯ ಉಪಕರಣ, ರೋಗಿಯ ಮಾತನ್ನು ಕೂತು ಕೇಳುವ ಹತ್ತು ನಿಮಿಷ. ಆ ಹತ್ತು ನಿಮಿಷ ಕೇಳಿ ಪಡೆಯುವ ಹಕ್ಕು ರೋಗಿಗಿದೆ. ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ನೋವು, ನಿದ್ದೆ, ಕೆಲಸ ಮೂರನ್ನೂ ಬರೆದಿಟ್ಟು ಒಯ್ದರೆ ವೈದ್ಯರ ಕೆಲಸವೂ ಸಲೀಸು.

ಔಷಧಗಳ ಪಾತ್ರ ಪೋಷಕ ಪಾತ್ರ. ಅಮಿಟ್ರಿಪ್ಟಿಲಿನ್ ಕಡಿಮೆ ಪ್ರಮಾಣದಲ್ಲಿ ನಿದ್ದೆಗೆ ನೆರವಾಗುತ್ತದೆ. ಡುಲೊಕ್ಸೆಟಿನ್ ನೋವು ಅಡಗಿಸುವ ಇಳಿದಾರಿಯ ರಾಸಾಯನಿಕಗಳನ್ನು ಹೆಚ್ಚಿಸುತ್ತದೆ. ಖಿನ್ನತೆಗೂ ಇದೇ ಮಾತ್ರೆ ಬಳಸುವುದರಿಂದ ‘ನನಗೆ ತಲೆ ಕೆಟ್ಟಿದೆ ಅಂದುಕೊಂಡರು’ ಎಂದು ನೊಂದುಕೊಳ್ಳಬೇಕಿಲ್ಲ, ಅದು ಇಲ್ಲಿ ನೋವಿನ ನರಗಳಿಗೆ ಕೊಟ್ಟ ಮದ್ದು. ಪ್ರಿಗ್ಯಾಬಲಿನ್ ನರಗಳ ಅತಿಯಾದ ಸಂಕೇತವನ್ನು ತಗ್ಗಿಸುತ್ತದೆ. ಯಾವುದೂ ಎಲ್ಲರಿಗೂ ಒಗ್ಗುವುದಿಲ್ಲ, ಪೂರ್ತಿ ಗುಣಪಡಿಸುವುದೂ ಇಲ್ಲ. ಶುರುಮಾಡುವುದೂ ನಿಲ್ಲಿಸುವುದೂ ವೈದ್ಯರ ಸಲಹೆಯಂತೆಯೇ ಆಗಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫಿನ್ಯಾಕ್‌ನಂಥ ನೋವಿನ ಮಾತ್ರೆಗಳು ಊತದ ನೋವಿಗೆ ಮಾಡಿದವು. ಈ ನೋವಿಗೆ ಅವು ಹೆಚ್ಚೇನೂ ಮಾಡಲಾರವು, ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡಿಸಬಲ್ಲವು. ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಬೇಡವೇ ಬೇಡ.

ವರ್ಷಗಟ್ಟಲೆ ನೋವು, ಅದರ ಮೇಲೆ ಯಾರೂ ನಂಬದ ನೋವು, ಮನಸ್ಸನ್ನು ಕುಗ್ಗಿಸುತ್ತದೆ. ಬದುಕು ಬೇಡವೆನಿಸುವ ಮಟ್ಟಕ್ಕೂ ಕೆಲವರನ್ನು ಒಯ್ಯುತ್ತದೆ. ಅಂಥ ಹೊತ್ತಿನಲ್ಲಿ 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಹಗಲು ರಾತ್ರಿ ಅದು ತೆರೆದಿರುತ್ತದೆ.

ಲೆಕ್ಕಕ್ಕೆ ಬಾರದ ದುಡಿಮೆ

ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಹಾಗೆ ಮಾಡುವವರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಗಂಡಸರಲ್ಲಿ ಮನೆಗೆಲಸ ಮಾಡುವವರು ನೂರಕ್ಕೆ 26, ಅವರ ಸರಾಸರಿ 97 ನಿಮಿಷ. ವಯಸ್ಸಾದವರ, ಮಕ್ಕಳ ಆರೈಕೆ ಇದರಲ್ಲಿ ಸೇರಿಲ್ಲ, ಅದಕ್ಕೆ ಬೇರೆಯೇ ಲೆಕ್ಕ.

ಐದು ಗಂಟೆ. ಆರೋಗ್ಯವಾಗಿರುವ ದೇಹಕ್ಕೇ ಇದು ದೊಡ್ಡ ಹೊರೆ. ನೋವು ತಡೆಯುವ ಹೊದಿಕೆ ತೆಳುವಾದ ದೇಹಕ್ಕೆ ‘ಹದವಾಗಿ ಕೆಲಸ ಮಾಡು, ಚೆನ್ನಾಗಿ ನಿದ್ದೆ ಮಾಡು, ನಡಿ’ ಎಂದು ವೈದ್ಯರು ಚೀಟಿ ಬರೆದುಕೊಟ್ಟರೆ, ಆ ಐದು ಗಂಟೆಯಲ್ಲಿ ಎರಡು ಗಂಟೆ ಬೇರೆ ಯಾರದೋ ಕೈಗೆ ಹೋಗದೆ ಚೀಟಿ ಜಾರಿಯಾಗುವುದಿಲ್ಲ. ಅದರಲ್ಲಿ ಬರೆದ ಪ್ರತಿಯೊಂದಕ್ಕೂ ಬೇಕಾದದ್ದು ಅವಳ ಸಮಯ, ಆ ಸಮಯ ಇರುವುದು ಮನೆಯವರ ಬಳಿ. ಈ ಸರಳ ಲೆಕ್ಕ ಬಿಟ್ಟುಹೋದದ್ದರಿಂದಲೇ ಎಷ್ಟೋ ಹೆಂಗಸರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತ, ತಮ್ಮಲ್ಲೇ ಏನೋ ಕೊರತೆಯಿದೆ ಎಂದು ನಂಬಿ ಬದುಕುತ್ತಿದ್ದಾರೆ. ಕೊರತೆ ಅವರಲ್ಲಿಲ್ಲ.

ದೊಡ್ಡ ಸಂಸಾರವನ್ನು ಈ ಕಾಯಿಲೆಗೆ ಶತ್ರುವೆಂದು ಕಾಣಬೇಕಿಲ್ಲ. ಒಂಟಿಯಾಗಿ ಬದುಕುವವಳಿಗೆ ಇಲ್ಲದ ಅನುಕೂಲವೊಂದು ಎಂಟು ಮಂದಿಯ ಮನೆಯಲ್ಲಿದೆ: ಹದಿನಾರು ಕೈಗಳು. ಕೂತಲ್ಲೇ ಬೆಳ್ಳುಳ್ಳಿ ಸುಲಿಯಬಲ್ಲ ಅತ್ತೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬರಬಲ್ಲ ಮಾವ, ಭಾನುವಾರದ ಬಟ್ಟೆ ಒಗೆಯಬಲ್ಲ ಗಂಡ, ನೀರು ಹಿಡಿಯಬಲ್ಲ ಮೈದುನ, ತಟ್ಟೆ ಎತ್ತಿಡಬಲ್ಲ ಮಕ್ಕಳು. ವಾರಕ್ಕೊಮ್ಮೆ ಎಲ್ಲರೂ ಕೂತು ಮುಂದಿನ ವಾರದ ಕೆಲಸಗಳನ್ನು ಹೆಸರು ಹಾಕಿ ಹಂಚಿಕೊಳ್ಳಬೇಕು. ಕೆಲಸವೊಂದು ಅವಳ ಪಾಲಿನದು, ಉಳಿದವರು ‘ಸಹಾಯ’ ಮಾಡುತ್ತಿದ್ದಾರೆ ಎಂಬ ಭಾವನೆ ಇರುವವರೆಗೆ ಅವಳು ಕೇಳಲು ಹಿಂಜರಿಯುತ್ತಲೇ ಇರುತ್ತಾಳೆ. ಹೆಸರು ಬರೆದ ಮೇಲೆ ಆ ಕೆಲಸ ಬರೆದವರದೇ.

ವೈದ್ಯರಲ್ಲಿ ಒಂದು ವಿನಂತಿ. ಫೈಬ್ರೊಮಯಾಲ್ಜಿಯ ಎಂದು ತೀರ್ಮಾನಿಸಿದ ದಿನ, ಹೊರಗೆ ಬೆಂಚಿನ ಮೇಲೆ ಕೂತಿರುವ ಗಂಡನನ್ನೋ ಅತ್ತೆಯನ್ನೋ ಒಳಗೆ ಕರೆಯಿರಿ. ನೋವು ನಿಜ ಎಂದು ಅವರೆದುರಿಗೇ ಹೇಳಿ. ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ, ಅಷ್ಟೇ ಸ್ಪಷ್ಟವಾಗಿ ಬರೆಯಿರಿ: ರಾತ್ರಿ ಏಳು ತಾಸಿನ ಮುರಿಯದ ನಿದ್ದೆ, ಸಂಜೆ ನಡಿಗೆ, ಭಾರದ ಕೆಲಸ ಬೇರೆಯವರಿಗೆ. ನಮ್ಮ ಮನೆಗಳಲ್ಲಿ ಸೊಸೆಯ ಮಾತಿಗಿಂತ ವೈದ್ಯರ ಚೀಟಿಗೆ ಬೆಲೆ ಹೆಚ್ಚು. ಆ ಬೆಲೆಯನ್ನು ಅವಳ ಪರವಾಗಿ ಬಳಸಿ.